ವಿಚಾರಿಸಲು ಬಂದವರು ಕೇಳದ ಪ್ರಶ್ನೆ

2018ರ ಸೆಪ್ಟೆಂಬರ್ 6ರಂದು, ಗುರುವಾರ, ವಯಸ್ಕರಿಬ್ಬರು ಪರಸ್ಪರ ಒಪ್ಪಿ ಹೊಂದುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಆ ಮಧ್ಯಾಹ್ನ ಪತ್ರಿಕೆಯ ಮಂಗಳೂರು ಡೆಸ್ಕಿನಿಂದ ಬಿ.ಸಿ. ರೋಡಿನ ನಮ್ಮ ಸಣ್ಣ ಕಚೇರಿಗೆ ಫೋನ್ ಬಂತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುದ್ದಿಗೆಲ್ಲ ನಾನೊಬ್ಬಳೇ ವರದಿಗಾರ್ತಿ. ಮೂರೂ ಕಡೆಯ ಜನರ ಪ್ರತಿಕ್ರಿಯೆ ಸಂಜೆಯೊಳಗೆ ಬೇಕು ಎಂದರು.

ಪ್ರತಿಕ್ರಿಯೆ ಸಿಕ್ಕಿತು, ಆದರೆ ತೀರ್ಪಿಗಲ್ಲ. ಮೂಡುಬಿದಿರೆ ಬಸ್ ನಿಲ್ದಾಣದ ಅಂಗಡಿಯವರೊಬ್ಬರು ರೈಲಿನಲ್ಲಿ ಚಪ್ಪಾಳೆ ತಟ್ಟಿ ಹಣ ಕೇಳುವವರ ಬಗ್ಗೆ ಮಾತಾಡಿದರು. ಬೆಳ್ತಂಗಡಿಯ ನಿವೃತ್ತ ಶಿಕ್ಷಕರೊಬ್ಬರು, "ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುವವರಿಗೆ ಇನ್ನು ನಿಶ್ಚಿಂತೆ" ಎಂದರು. ಬಂಟ್ವಾಳ ಪೇಟೆಯಲ್ಲಿ ಒಬ್ಬರು ನನ್ನನ್ನೇ ಕೇಳಿದರು: "ಅದು ಆಪರೇಷನ್ ಮಾಡಿಸಿಕೊಳ್ಳುವುದಲ್ಲವಾ ಮೇಡಂ? ಅದಕ್ಕೆ ಕೋರ್ಟು ಯಾಕೆ?"

ಮೂರನ್ನೂ ಟೈಪ್ ಮಾಡಿ ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲೇ ಡೆಸ್ಕಿನ ಹಿರಿಯ ಉಪಸಂಪಾದಕಿ ಫೋನ್ ಮಾಡಿದರು. "ತೀರ್ಪು ಒಬ್ಬರ ಬಗ್ಗೆ, ಇವರು ಮಾತಾಡಿದ್ದು ಇನ್ನೊಬ್ಬರ ಬಗ್ಗೆ. ಬೇರೆ ಬೇರೆ ಜನರನ್ನು ಒಂದೇ ರಿಕ್ಷಾಕ್ಕೆ ತುಂಬಿಸಿದ್ದೀರಿ ಮಾರಾಯ್ರೆ. ಮೊದಲು ಇಳಿಸಿ."

ಇಳಿಸಿ ನೋಡಿದರೆ ವಿಷಯ ಕಷ್ಟದ್ದಾಗಿರಲಿಲ್ಲ. ಮಗು ಹುಟ್ಟಿದಾಗ ದೇಹ ನೋಡಿ ಗಂಡು ಅಥವಾ ಹೆಣ್ಣು ಎಂದು ಬರೆಯುತ್ತಾರೆ. ಬೆಳೆಯುತ್ತಾ ಆ ಮಗು ತನ್ನನ್ನು ತಾನು ಏನೆಂದು ಅರಿಯುತ್ತದೆ ಎಂಬುದು ಬೇರೆ ಸಂಗತಿ. ಅದು ಲಿಂಗತ್ವದ ಗುರುತು. ಹೆಚ್ಚಿನವರಲ್ಲಿ ಬರೆದದ್ದೂ ಅರಿತದ್ದೂ ಒಂದೇ. ಕೆಲವರಲ್ಲಿ ಅಲ್ಲ. ಅಂಥವರು ಆಪರೇಷನ್ ಮಾಡಿಸಿಕೊಂಡರೂ ಟ್ರಾನ್ಸ್ ವ್ಯಕ್ತಿಗಳೇ, ಮಾಡಿಸಿಕೊಳ್ಳದಿದ್ದರೂ ಟ್ರಾನ್ಸ್ ವ್ಯಕ್ತಿಗಳೇ. ಇನ್ನು, ಮನಸ್ಸು ಯಾರ ಕಡೆಗೆ ಹೋಗುತ್ತದೆ ಎಂಬುದು ಮತ್ತೊಂದೇ ಸಂಗತಿ. ಅದು ಲೈಂಗಿಕ ಒಲವು. ಗಂಡಸಿಗೆ ಹೆಂಗಸಿನ ಕಡೆ ಇರಬಹುದು, ಗಂಡಸಿನ ಕಡೆಯೇ ಇರಬಹುದು, ಇಬ್ಬರ ಕಡೆಗೂ ಇರಬಹುದು, ಯಾರ ಕಡೆಗೂ ಇಲ್ಲದಿರಬಹುದು. ಹೆಂಗಸಿಗೂ ಹಾಗೆಯೇ, ಟ್ರಾನ್ಸ್ ವ್ಯಕ್ತಿಗೂ ಹಾಗೆಯೇ. ಸೀರೆ, ಪ್ಯಾಂಟು, ನಡಿಗೆ, ಧ್ವನಿ, ರಂಗಸ್ಥಳದ ವೇಷ ಇವು ಯಾವುವೂ ಆ ಎರಡರಲ್ಲಿ ಒಂದನ್ನೂ ಸಾಬೀತು ಮಾಡುವುದಿಲ್ಲ. ಅಪಘಾತ ಎಲ್ಲಾಯಿತು ಎಂದು ಗೊತ್ತಾದ ಮಾತ್ರಕ್ಕೆ ಯಾರಿಗಾಯಿತು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು. ಇದೂ ಅಷ್ಟೇ.

ಆ ದಿನ ಬಿ.ಸಿ. ರೋಡಿನ ವಕೀಲರೊಬ್ಬರ ಪ್ರತಿಕ್ರಿಯೆ ಮಾತ್ರ ಅಚ್ಚಾಯಿತು. ಇದೆಲ್ಲ ಒಬ್ಬರ ಮನೆಯೊಳಗೆ ಕೆಲಸಕ್ಕೆ ಬಂದದ್ದು ಎಷ್ಟೋ ವರ್ಷದ ನಂತರ. ಅದನ್ನು ಬರೆಯುತ್ತಿದ್ದೇನೆ. ಸಂಬಂಧಪಟ್ಟವನು ಬರೆಯಿರಿ ಎಂದಿದ್ದಾನೆ. ಹೆಸರು ಬೇಡ ಎಂಬುದು ಅವನ ತಾಯಿಯ ಷರತ್ತು.

ನಮ್ಮ ಕಡೆ ಮದುವೆಗೆ ಮೊದಲು 'ವಿಚಾರಿಸುವ' ಕ್ರಮವಿದೆ. ಜಾತಕ ಕೂಡಿ ಬಂದರೂ, ತಾಯಿಯಿಂದ ಬರುವ ಗೋತ್ರ, ಅಂದರೆ ಬಳಿ, ಬೇರೆ ಬೇರೆಯೇ ಎಂದು ಖಚಿತವಾದರೂ, ಹುಡುಗಿಯ ಕಡೆಯವರು ಹುಡುಗನ ಊರಿನಲ್ಲಿ ಯಾರನ್ನಾದರೂ ಗುಟ್ಟಿನಲ್ಲಿ ಕೇಳಿಯೇ ಕೇಳುತ್ತಾರೆ. ಕೇಳುವ ಕೆಲಸ ಸಾಮಾನ್ಯವಾಗಿ ಹುಡುಗಿಯ ಸೋದರಮಾವನದು. ಮೆಡಿಕಲ್ ಶಾಪಿನವರು, ಬಸ್ಸಿನ ಏಜೆಂಟರು, ಬ್ಯಾಂಕಿನವರು ಅವರಿಗೆ ಸಿಗುತ್ತಾರೆ. ಪತ್ರಿಕೆಯವರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಇರುವುದರಿಂದ ನನಗೂ ಫೋನ್ ಬರುತ್ತದೆ. ನಾನು ಸುದ್ದಿಗೆ ಹಾಕುವ ನಿಯಮವನ್ನೇ ಇದಕ್ಕೂ ಹಾಕಿದ್ದೆ. ಪರಸ್ಪರ ಪರಿಚಯ ಇಲ್ಲದ ಇಬ್ಬರು ಹೇಳಿದ್ದನ್ನು ಮಾತ್ರ ಹೇಳುವುದು, ಅಂದಾಜು ಹೇಳದಿರುವುದು. ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಬೆಲೆಯಿತ್ತು.

ಮಾಣಿ ಜಂಕ್ಷನ್ನಿನಲ್ಲಿ ನನಗೆ ರವಿಕೆ ಹೊಲಿದು ಕೊಡುವ ಟೈಲರ್ ಇದ್ದಾರೆ. ನನ್ನದೇ ಪ್ರಾಯದ ಹೆಂಗಸು. ಗಂಡ ಮಸ್ಕತ್ತಿನಲ್ಲಿದ್ದಾಗಲೇ ತೀರಿಕೊಂಡರು. ಒಬ್ಬನೇ ಮಗ. ಡಿಪ್ಲೊಮಾ ಓದಿ ಮಿಜಾರು ಕಡೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದ. ಅಲ್ಲೇ ಬಾಡಿಗೆ ರೂಮು, ಶನಿವಾರ ಸಂಜೆ ಮನೆಗೆ. ಅವನು ಯೂನಿಫಾರ್ಮಿನಲ್ಲಿ ತಾಯಿಯ ಅಂಗಡಿಗೆ ಬಂದು ಬಟನ್ ಹೊಲಿಯುತ್ತಿದ್ದ ಕಾಲದಿಂದ ನನಗೆ ಗೊತ್ತು.

ಎರಡು ವರ್ಷದ ಹಿಂದಿನ ಬೇಸಿಗೆಯ ಒಂದು ಬೆಳಿಗ್ಗೆ ಅವನು ನನ್ನ ಕಚೇರಿಗೆ ಬಂದ. ಕೆಲಸದ ದಿನ. ಮೂಡುಬಿದಿರೆ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರಬೇಕು, ಅಂಗಿ ಬೆನ್ನಿಗೆ ಅಂಟಿತ್ತು. ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆಂಟಿ, ಬೆಳ್ತಂಗಡಿಯಿಂದ ಒಂದು ಸಂಬಂಧ ಬಂದಿದೆ. ಅವರು ನಿಮಗೆ ಫೋನ್ ಮಾಡ್ತಾರೆ."

"ಮಾಡಲಿ. ನಿನ್ನ ಬಗ್ಗೆ ಹೇಳಲು ಕೆಟ್ಟದ್ದು ಎಂತ ಉಂಟು?"

"ಅದಕ್ಕೇ ಬಂದದ್ದು. ಕೆಟ್ಟದ್ದು ಹೇಳಬೇಕು ನೀವು."

ನಾನು ಕುಳಿತುಕೊಳ್ಳಲು ಹೇಳಿದೆ. ಅವನು ಕುಳಿತುಕೊಳ್ಳದೆಯೇ ಹೇಳಿದ. ತಾನು ಗೇ. ಹೈಸ್ಕೂಲಿನಿಂದಲೇ ಗೊತ್ತು. ಹುಡುಗಿಯೊಂದಿಗೆ ಮದುವೆಯಾಗಿ ಇಬ್ಬರ ಜೀವನವನ್ನೂ ಹಾಳು ಮಾಡುವುದಿಲ್ಲ. ಅಮ್ಮನಿಗೆ ಹೇಳುವ ಧೈರ್ಯ ಬಂದಿಲ್ಲ. ಆಚೆಯವರೇ ಬೇಡ ಎಂದುಬಿಟ್ಟರೆ ಈ ಸಲ ಮುಗಿಯುತ್ತದೆ.

"ನಿಶ್ಚಿತಾರ್ಥಕ್ಕೆ ಹಾಲ್ ನೋಡ್ತಿದ್ದಾರೆ ಆಂಟಿ. ಅಮ್ಮ ಆಗಲೇ ನನ್ನ ಕುರ್ತಾಕ್ಕೆ ಬಟ್ಟೆ ತೆಗೆದಾಗಿದೆ. ನೀವು ಕುಡಿತಾನೆ ಅಂತ ಹೇಳಿ ಸಾಕು."

"ಕುಡಿತೀಯಾ?"

"ಇಲ್ಲ. ವಾಸನೆಯೇ ಆಗುವುದಿಲ್ಲ."

"ಹಾಗಾದ್ರೆ ನಾನು ಹೇಳುವುದಿಲ್ಲ."

"ಒಂದು ಸುಳ್ಳು ಆಂಟಿ. ಇಷ್ಟು ವರ್ಷ ಪೇಪರಿನಲ್ಲಿ ಇದ್ದವರಿಗೆ ಒಂದು ಸುಳ್ಳು ಕಷ್ಟವಾ?"

ಅವನು ನಕ್ಕ, ನಾನೂ ನಕ್ಕೆ. ನನ್ನ ಉತ್ತರ ಮಾತ್ರ ಅದೇ. ಸುಳ್ಳು ಹೇಳುವುದಿಲ್ಲ. ನಿಜವನ್ನೂ ಹೇಳುವುದಿಲ್ಲ, ಯಾಕೆಂದರೆ ಅದು ನಿನ್ನದು, ನಾನು ಹಂಚುವಂಥದ್ದಲ್ಲ. ಅವನ ಮುಖ ಸಣ್ಣದಾಯಿತು. "ಹಾಗಾದ್ರೆ ಮದುವೆ ಆಯ್ತು ಅಂತಲೇ ಲೆಕ್ಕ" ಎಂದು ಹೇಳಿ ಬಸ್ಸಿಗೆ ಹೋದ.

ಅವನ ಮಾತು ಎಷ್ಟು ಸರಿ ಎಂದು ಸೋದರಮಾವನ ಫೋನ್ ಬಂದಾಗ ಅರ್ಥವಾಯಿತು. ಬೆಳ್ತಂಗಡಿಯಲ್ಲಿ ಹೊಟೇಲು ನಡೆಸುವವರು, ಗಟ್ಟಿ ಧ್ವನಿ, ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು.

"ಮೇಡಂ, ನಾನು ಬೇರೆ ಮೂರು ಕಡೆ ಕೇಳಿ ಆಗಿದೆ. ಎಲ್ಲರೂ ಹುಡುಗ ಚಿನ್ನ ಅಂತಾರೆ. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಹುಡುಗಿಯರ ಕಡೆ ತಲೆ ಎತ್ತಿ ಕೂಡ ನೋಡುವವನಲ್ಲವಂತೆ! ಈಗಿನ ಕಾಲದಲ್ಲಿ ಅಂಥವ ಎಲ್ಲಿ ಸಿಗ್ತಾನೆ ಹೇಳಿ? ನೀವೊಂದು ಹೂಂ ಅಂದ್ರೆ ನಾನು ಹಾಲ್‌ಗೆ ಅಡ್ವಾನ್ಸ್ ಕೊಡ್ತೇನೆ."

ಅವರು ಕೇಳಿದ ಪ್ರತಿಯೊಂದು ಪ್ರಶ್ನೆಗೂ ನಿಜವಾದ ಉತ್ತರ ಹುಡುಗನ ಪರವಾಗಿಯೇ ಇತ್ತು. ಬೇರೆ ಹುಡುಗಿ ಇದ್ದಾಳಾ? ಇಲ್ಲ. ಹಿಂದೆ ಇದ್ದಳಾ? ಇಲ್ಲ. ವಿಚಾರಿಸುವ ಕ್ರಮದಲ್ಲಿ ಹೆಣ್ಣಿನ ಕಡೆ ಮನಸ್ಸು ಹೆಚ್ಚಾಗಿದೆಯೇ ಎಂದು ನೋಡುವ ಪ್ರಶ್ನೆಗಳೇ ಇದ್ದವು. ಆ ಕಡೆ ಮನಸ್ಸೇ ಇಲ್ಲದಿರಬಹುದು ಎಂಬುದು ಯಾರ ತಲೆಗೂ ಹೋಗಿರಲಿಲ್ಲ. ಅವನನ್ನು ಮದುವೆಗೆ ಆಗದಂತೆ ಮಾಡುವ ಸಂಗತಿಯೇ ಅಲ್ಲಿ ಅತ್ಯುತ್ತಮ ಗುಣವಾಗಿ ಬರೆದುಹೋಗಿತ್ತು. ನಾನು ಹೂಂ ಎಂದರೆ ಒಂದು ಅಕ್ಷರವೂ ಸುಳ್ಳಾಗುತ್ತಿರಲಿಲ್ಲ, ಮದುವೆಯೂ ಆಗುತ್ತಿತ್ತು.

ಪತ್ರಿಕೆಯಲ್ಲಿ ಇಂಥ ಸಂದರ್ಭಕ್ಕೆ ಒಂದು ದಾರಿಯಿದೆ. ಸ್ವಂತದವರ ಸುದ್ದಿಯನ್ನು ನಾವು ಬರೆಯುವುದಿಲ್ಲ, ಬೇರೆಯವರಿಗೆ ಬಿಡುತ್ತೇವೆ. ನಾನು ಹಾಗೆಯೇ ಹೇಳಿದೆ: "ನೋಡಿ, ಹುಡುಗನ ತಾಯಿ ನನಗೆ ಬಹಳ ಬೇಕಾದವರು. ಆ ಮನೆಯ ಬಗ್ಗೆ ನಾನು ಒಳ್ಳೆಯದೂ ಹೇಳುವುದಿಲ್ಲ, ಕೆಟ್ಟದ್ದೂ ಹೇಳುವುದಿಲ್ಲ. ಹುಡುಗ ಹುಡುಗಿ ಕೂತು ಮಾತಾಡಲಿ."

ಅವರು ಧ್ವನಿ ತಗ್ಗಿಸಿದರು. "ಹೋ... ಹಾಗಾ?" ಎಂದರು. "ಅರ್ಥ ಆಯ್ತು ಮೇಡಂ. ದೊಡ್ಡ ಉಪಕಾರ ಆಯ್ತು."

ಅವರಿಗೆ ಏನು ಅರ್ಥವಾಯಿತು ಎಂದು ನನಗೆ ಮರುದಿನ ಗೊತ್ತಾಯಿತು. ವಿಚಾರಿಸುವ ಕ್ರಮದಲ್ಲಿ ಯಾರೂ ಬಾಯಿಬಿಟ್ಟು ಕೆಟ್ಟದ್ದು ಹೇಳುವುದಿಲ್ಲ. ಹೇಳದಿರುವುದೇ ಕೆಟ್ಟದ್ದು ಹೇಳುವ ರೀತಿ. ಹೇಳಲಿಲ್ಲ ಎಂದರೆ ಕುಡಿತ. ತುಂಬಾ ಹೊತ್ತು ಹೇಳಲಿಲ್ಲ ಎಂದರೆ ದೊಡ್ಡ ಕುಡಿತ. ಹಾಲ್‌ನ ಅಡ್ವಾನ್ಸ್ ನಿಂತಿತು. ಸುದ್ದಿ ಬೆಳ್ತಂಗಡಿಯಿಂದ ಉಪ್ಪಿನಂಗಡಿ ಸುತ್ತಿ ಮಾಣಿಗೆ ಬಂತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೈಲರ್ ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕುತ್ತಿಗೆಯಲ್ಲಿ ಅಳತೆ ಟೇಪ್ ಹಾಗೇ ಇತ್ತು.

"ಅಕ್ಕ, ನನ್ನ ಮಗ ಕುಡಿತಾನೆ ಅಂತ ಹೇಳಿದ್ದು ನೀವಾ?"

"ನಾನು ಏನೂ ಹೇಳಲಿಲ್ಲ."

"ಅದೇ! ಏನೂ ಹೇಳಲಿಲ್ಲವಂತೆ! ಯಾಕೆ ಹೇಳಲಿಲ್ಲ? ನಾಲಿಗೆಗೆ ಎಂತ ಆಗಿತ್ತು? ಇಷ್ಟು ವರ್ಷ ನಿಮ್ಮ ರವಿಕೆ ಹೊಲಿದಿದ್ದೇನೆ, ಒಂದು ಕೈ ಸಣ್ಣ ಒಂದು ಕೈ ದೊಡ್ಡ ಮಾಡಿ ಕೊಟ್ಟಿದ್ದೇನಾ? ನೀವು ನನ್ನ ಮಗನಿಗೆ ಹೀಗೆ ಮಾಡ್ತೀರಾ?"

ಕಣ್ಣಲ್ಲಿ ನೀರಿತ್ತು, ಧ್ವನಿ ಮಾತ್ರ ಕೆಳಗಿನ ಜೆರಾಕ್ಸ್ ಅಂಗಡಿಗೂ ಕೇಳುವಷ್ಟಿತ್ತು. ನಾನು ನೀರು ಕೊಟ್ಟೆ. ಮಗನನ್ನು ಕೇಳಿ ಎಂದಷ್ಟೇ ಹೇಳಿದೆ. ನೀರು ಕುಡಿಯದೆ ಹೋದರು.

ಆ ಮಧ್ಯಾಹ್ನವೇ ನಾನು ಅವನಿಗೆ ಫೋನ್ ಮಾಡಿ, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅವನು ಬಯಸಿದ ಹಾಗೇ ಸಂಬಂಧ ಮುರಿದಿತ್ತು. ಬೇಕಿದ್ದರೆ ಸುಮ್ಮನಿರಬಹುದಿತ್ತು. "ಅಮ್ಮ ಊರೆಲ್ಲ ಹೋಗಿ ಮಗ ಕುಡಿಯುವುದಿಲ್ಲ ಅಂತ ಪ್ರಮಾಣ ಮಾಡ್ತಾಳೆ ಆಂಟಿ" ಎಂದ. "ಮತ್ತೆ ಇನ್ನೊಂದು ಸಂಬಂಧ ತರ್ತಾಳೆ. ನಾನು ಶನಿವಾರ ಹೇಳಿಬಿಡ್ತೇನೆ. ನೀವು ಭಾನುವಾರ ಅಂಗಡಿಗೆ ಬನ್ನಿ. ಅವಳಿಗೆ ಮಾತಾಡಲು ಯಾರಾದರೂ ಬೇಕು."

ಭಾನುವಾರ ಮಾಣಿಯಲ್ಲಿ ಟೈಲರ್ ಅಂಗಡಿಯ ಶಟರ್ ಅರ್ಧ ಎಳೆದಿತ್ತು. ಒಳಗೆ ತಾಯಿ ಕಟಿಂಗ್ ಮೇಜಿನ ಹತ್ತಿರ, ಮಗ ಸ್ಟೂಲಿನ ಮೇಲೆ. ರಾತ್ರಿ ಹೇಳಿದ್ದಾನೆ ಎಂದು ಇಬ್ಬರ ಮುಖ ನೋಡಿಯೇ ಗೊತ್ತಾಯಿತು. ಆಕೆ ನನ್ನನ್ನು ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಕುರ್ಚಿಯ ಮೇಲಿದ್ದ ಲೈನಿಂಗ್ ಬಟ್ಟೆ ತೆಗೆದು ಜಾಗ ಮಾಡಿದರು.

ಆಮೇಲೆ ಮಗನಿಗೆ, "ಬಾ ಇಲ್ಲಿ. ನೆಟ್ಟಗೆ ನಿಲ್ಲು" ಎಂದರು.

ಅವನು ಎದ್ದು ನಿಂತ. ಟೇಪ್ ತೆಗೆದು ಅವನ ಭುಜಕ್ಕೆ ಹಿಡಿದರು, ನಂತರ ಎದೆಗೆ ಸುತ್ತಿದರು.

"ಎಂತ ಅಮ್ಮ?"

"ಅಳತೆ. ಚೂಡಿದಾರ್ ಹೊಲಿಯಲು ಬೇರೆಯವರ ಹತ್ತಿರ ಹೋಗಬೇಡ. ಅವರು ಎಂತೆಂಥದೋ ಕೇಳ್ತಾರೆ. ನಾನೇ ಹೊಲಿದು ಕೊಡ್ತೇನೆ. ಇಲ್ಲಿ ಹಾಕಬೇಡ, ಅಲ್ಲಿ ರೂಮಿನಲ್ಲಿ ಹಾಕಿಕೋ."

ಅವನು ತಾಯಿಯ ಕೈ ಹಿಡಿದ. "ಅಮ್ಮ, ನನಗೆ ಚೂಡಿದಾರ್ ಬೇಡ."

"ಸೀರೆಯಾ?" ಎಂದರು. ಇದಕ್ಕಿಂತ ದೊಡ್ಡದನ್ನು ರಾತ್ರಿಯೇ ನುಂಗಿಕೊಂಡಾಗಿದೆ ಎನ್ನುವ ಹಾಗಿತ್ತು ಆ ಧ್ವನಿ.

ಅವರ ಎಣಿಕೆಗೆ ಕಾರಣವಿತ್ತು. ಪುತ್ತೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಟ್ರಾನ್ಸ್ ಮಹಿಳೆಯೊಬ್ಬರು ಅವರ ಹಳೆಯ ಗಿರಾಕಿ. ಮೊದಲ ಸಲ ಅಳತೆ ಕೊಡಲು ಬಂದಾಗ ಬೇರೆ ಟೈಲರುಗಳು ತಿರುಗಿಸಿ ಕಳಿಸಿದ್ದರಂತೆ. ಇವರು ಕರೆದು ಹೊಲಿದು ಕೊಟ್ಟಿದ್ದರು. ಮಗ ರಾತ್ರಿ ಹೇಳಿದ್ದನ್ನು ಇವರು ತಮಗೆ ಗೊತ್ತಿದ್ದ ಆ ಒಬ್ಬರ ಅಳತೆಗೆ ಕತ್ತರಿಸಿಕೊಂಡಿದ್ದರು.

"ಅವರು ಹೆಂಗಸು ಅಮ್ಮ" ಎಂದ ಮಗ. "ಹುಟ್ಟುವಾಗ ಗಂಡು ಅಂತ ಬರೆದಿದ್ರು, ಅಷ್ಟೇ. ನಾನು ಗಂಡಸು. ನನಗೆ ಹೆಂಗಸಾಗಬೇಕಂತ ಇಲ್ಲ. ನನ್ನ ಶರ್ಟು, ನನ್ನ ಮೀಸೆ, ಎಲ್ಲ ನನಗೆ ಸರಿಯೇ ಉಂಟು. ಮನಸ್ಸು ಹೋಗುವುದು ಗಂಡಸಿನ ಮೇಲೆ. ಅದು ಬೇರೆ, ಇದು ಬೇರೆ."

"ಅವಳದ್ದು ಯಾರ ಮೇಲೆ ಹೋಗ್ತದೆ?"

"ನನಗೆಂತ ಗೊತ್ತು? ಅದು ಅವರ ವಿಷಯ. ಗಂಡಸಿನ ಮೇಲೂ ಇರಬಹುದು, ಹೆಂಗಸಿನ ಮೇಲೂ ಇರಬಹುದು."

ತಾಯಿ ನನ್ನ ಕಡೆ ತಿರುಗಿದರು. "ಹೌದಾ ಅಕ್ಕ? ಇವ ಹೇಳುವುದು ಪೇಪರಿನಲ್ಲಿ ಹಾಕುವ ಹಾಗಿನ ನಿಜವಾ?"

"ಹಾಕುವಂಥ ನಿಜವೇ."

"ಡಾಕ್ಟ್ರು?"

ಕಾಯಿಲೆಯಲ್ಲ, ಹಾಗಾಗಿ ಮದ್ದೂ ಇಲ್ಲ ಎಂದೆ. ಇದನ್ನು ಬದಲಿಸಿ ಕೊಡುತ್ತೇವೆ ಎಂದು ಚಿಕಿತ್ಸೆ ನೀಡುವುದನ್ನು ವೈದ್ಯಕೀಯ ವೃತ್ತಿಯ ನಿಯಂತ್ರಕರೇ ವೃತ್ತಿ ದುರ್ನಡತೆ ಎಂದು ಹೇಳಿದ್ದಾರೆ, ಯಾರಾದರೂ ಹಣ ಕೇಳಿದರೆ ಕೊಡಬೇಡಿ ಎಂದೆ. ಯಾರ ಸಾಕಣೆಯ ತಪ್ಪೂ ಅಲ್ಲ ಎಂದೂ ಸೇರಿಸಿದೆ. ಕೊನೆಯ ಮಾತಿಗೆ ಅವರು ಟೇಪನ್ನು ಬೆರಳಿಗೆ ಸುತ್ತುತ್ತಾ ಕುಳಿತರು.

"ಒಬ್ಬನೇ ಇರ್ತಿಯಾ ಹಾಗಾದ್ರೆ? ನಾನು ಹೋದ ಮೇಲೆ?"

"ಒಬ್ಬನೇ ಅಲ್ಲ" ಎಂದ ಮಗ. ಇದು ನನಗೂ ಹೊಸ ಸುದ್ದಿ. "ಒಬ್ಬ ಇದ್ದಾನೆ. ಲೈಬ್ರರಿಯಲ್ಲಿ ಕೆಲಸ. ನನ್ನ ರೂಮಿನಲ್ಲೇ ಇರುವುದು."

"ಆ ಬಾಗಲಕೋಟೆಯವನಾ? ರೂಮ್‌ಮೇಟ್ ಅಂದಿದ್ದಿ!"

"ರೂಮ್‌ಮೇಟೂ ಹೌದು."

ತಾಯಿ ಟೇಪನ್ನು ಮೇಜಿನ ಮೇಲಿಟ್ಟರು. "ನಿಮ್ಮಿಬ್ಬರಲ್ಲಿ ಹೆಂಡತಿ ಯಾರು?"

"ಯಾರೂ ಅಲ್ಲ. ಇಬ್ಬರೂ ಗಂಡಸರೇ."

"ಅನ್ನ ಯಾರು ಮಾಡುವುದು?"

"ನಾನು."

"ಪಾತ್ರೆ?"

"ಅವ ತೊಳೀತಾನೆ. ದಿನಾ."

"ದಿನಾ?" ಎಂದರು, ನಂಬಿಕೆಯಿಲ್ಲದ ಧ್ವನಿಯಲ್ಲಿ. "ನಿನ್ನ ಅಪ್ಪ ಒಂದು ಲೋಟ ತೊಳೆದವರಲ್ಲ." ಆಮೇಲೆ, "ಮೀನು ತಿನ್ತಾನಾ?"

"ಇಲ್ಲ. ಅವರಲ್ಲಿ ಮೀನು ಇಲ್ಲ."

ಆ ಬೆಳಗಿನಲ್ಲಿ ಅವರ ಧ್ವನಿ ಮೊದಲ ಬಾರಿಗೆ ಏರಿದ್ದು ಆಗ. "ಮೀನು ತಿನ್ನದವನ ಜೊತೆ ಹೇಗೆ ಇರ್ತಿ ಮಾರಾಯ ನೀನು?"

ಮಗ ನಗಲು ಶುರು ಮಾಡಿದ. ತಾಯಿ ನಗಲಿಲ್ಲ. ಅಳಲೂ ಇಲ್ಲ. ಶಟರ್ ಎತ್ತಿದರು, ಹೊರಗೆ ಗಿರಾಕಿಗಳು ಕಾಯುತ್ತಿದ್ದರು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ತಪ್ಪು ವರದಿಯಾಗುತ್ತದೆ. ಮುಂದಿನ ಎಷ್ಟೋ ಶನಿವಾರ ಅವರು ಮಗನಿಗೆ ಊಟ ಬಡಿಸಿ ಒಳಗೆ ಹೋಗಿ ಮಲಗುತ್ತಿದ್ದರು, ಮಾತಿಲ್ಲ. ನನಗೂ ಆ ಮಳೆಗಾಲದಲ್ಲಿ ರವಿಕೆ ಹೊಲಿದು ಕೊಡಲಿಲ್ಲ, ಬಟ್ಟೆ ಹಾಗೇ ವಾಪಸ್ ಬಂತು. ಆದರೆ ಹೊಸ ಸಂಬಂಧವನ್ನೂ ನೋಡಲಿಲ್ಲ. ಪುತ್ತೂರಿನ ಗಿರಾಕಿ ಬಂದಾಗ ಒಂದು ದಿನ ನೇರವಾಗಿ ಕೇಳಿದರಂತೆ, ನಿಮಗೆ ಮನಸ್ಸು ಯಾರ ಮೇಲೆ ಎಂದು. ಆಕೆ, "ಸದ್ಯ ನಿಮ್ಮ ಮೇಲೆಯೇ ಅಕ್ಕ, ಬ್ಲೌಸ್ ಟೈಮಿಗೆ ಕೊಟ್ರೆ" ಎಂದರಂತೆ. ಇದನ್ನು ಹೇಳಲು ಟೈಲರೇ ನನಗೆ ಫೋನ್ ಮಾಡಿದರು. ಮಾತು ಮತ್ತೆ ಶುರುವಾದದ್ದು ಹಾಗೆ.

ಬೆಳ್ತಂಗಡಿಯ ಹುಡುಗಿಗೆ ಅವನೇ ಫೋನ್ ಮಾಡಿ ಇದ್ದದ್ದನ್ನು ಹೇಳಿದ್ದ. ಆಕೆ ಹಾಲ್ ಬುಕ್ ಆಗುವ ಮೊದಲೇ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದಳು, ಯಾರಿಗೂ ಹೇಳುವುದಿಲ್ಲ ಎಂದಳು. ಹಾಗೆಯೇ ನಡೆದುಕೊಂಡಿದ್ದಾಳೆ. ಆಕೆಯ ಸೋದರಮಾವ ಈಗಲೂ ಹುಡುಗ ಕುಡಿಯುತ್ತಾನೆ ಎಂದೇ ತಿಳಿದಿದ್ದಾರೆ. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಗೆ ಈ ದೇಶದಲ್ಲಿ ಈಗಲೂ ಕಾನೂನಿನ ಮಾನ್ಯತೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ನೀಡಲು ನಿರಾಕರಿಸಿದೆ. ಮಿಜಾರಿನ ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಬಾಡಿಗೆದಾರರು ಎಂದೇ ಇದೆ.

ಹೋದ ತಿಂಗಳು ನಾನು ಮಾಣಿಯ ಅಂಗಡಿಯಲ್ಲಿದ್ದಾಗ ಮದುವೆಯ ಬ್ರೋಕರ್ ಒಬ್ಬರು ಬಂದರು. ಮೂಡುಬಿದಿರೆ ಕಡೆಯ ಹುಡುಗಿ, ಬಿ.ಎಡ್. ಆಗಿದೆ ಎಂದು ಫೋಟೊ ತೆಗೆದರು. ಟೈಲರ್ ಮೆಷಿನ್ ನಿಲ್ಲಿಸದೆ, "ನನ್ನ ಮಗನಿಗೆ ಬೇಡ. ಅವನಿಗೆ ಜನ ಉಂಟು" ಎಂದರು.

"ಹೌದಾ? ಗೊತ್ತೇ ಆಗಲಿಲ್ಲವಲ್ಲ! ಯಾವ ಮನೆ?"

"ಬಾಗಲಕೋಟೆ."

"ಅಷ್ಟು ದೂರವಾ! ಹುಡುಗಿ ಎಂತ ಮಾಡುವುದು?"

"ಹುಡುಗಿ ಅಲ್ಲ" ಎಂದರು ಟೈಲರ್. "ಹುಡುಗ. ಲೈಬ್ರರಿಯಲ್ಲಿ ಕೆಲಸ."

ಬ್ರೋಕರ್ ಫೋಟೊವನ್ನು ಕವರಿಗೆ ಹಾಕಿ, ಕೊಡೆ ತೆಗೆದುಕೊಂಡು, ಪುತ್ತೂರಿನ ಬಸ್ಸು ಹತ್ತಿದರು.